ಮೂರ್ತೆಯ ಕಸುಬು, ಮಾರಾಟದ ಹಕ್ಕು: ಕೆಮ್ಮಣ್ಣಿನ ಕರಾವಳಿಯಲ್ಲಿ ಪರವಾನಗಿಯ ಚರಿತ್ರೆ

ಸ್ವರ್ಣಾ ನದಿಯು ಸಮುದ್ರವನ್ನು ಸೇರುವ ಮುನ್ನ ಕವಲೊಡೆದು ಹಿನ್ನೀರಾಗಿ ಹರಡಿಕೊಳ್ಳುವ ಎಡೆಯಲ್ಲಿ ಕೆಮ್ಮಣ್ಣು, ಹೂಡೆ, ಪಡುತೋನ್ಸೆ, ಕೋಡಿಬೆಂಗ್ರೆಗಳೆಂಬ ಊರುಗಳು ಒಂದಕ್ಕೊಂದು ಒತ್ತಿಕೊಂಡಿವೆ. ನದಿಯ ನಡುವಿನ ದ್ವೀಪಗಳನ್ನು ಇಲ್ಲಿ ಕುದ್ರು ಎನ್ನುತ್ತಾರೆ. ತೂಗುಸೇತುವೆಯಿಂದ ಹೆಸರಾದ ತಿಮ್ಮಣ್ಣಕುದ್ರು ಅವುಗಳಲ್ಲೊಂದು. ಮರಳು ಬೆರೆತ ಈ ನೆಲದಲ್ಲಿ ತೆಂಗು ಯಥೇಚ್ಛವಾಗಿ ಬೆಳೆಯುತ್ತದೆ, ತಾಳೆ ಅಲ್ಲಲ್ಲಿ ಕಾಣುತ್ತದೆ, ಪೂರ್ವಕ್ಕೆ ಕಾರ್ಕಳದ ಕಡೆಗೆ ಸಾಗಿದಂತೆ ಬೈನೆ ಮರಗಳು ಸಿಗುತ್ತವೆ. ಈ ಮೂರು ಮರಗಳ ರಸವನ್ನು ಇಳಿಸುವ ಕಸುಬಿಗೆ ಕರಾವಳಿಯಲ್ಲಿ ಮೂರ್ತೆ ಎಂದೂ ಅದನ್ನು ಮಾಡುವವನಿಗೆ ಮೂರ್ತೆದಾರ ಎಂದೂ ಹೆಸರು. ಸುಮಾರು ಎರಡು ಶತಮಾನಗಳ ಕಾಲ ಈ ಕಸುಬು ಸರ್ಕಾರದ ಪರವಾನಗಿಗೆ ಒಳಪಟ್ಟು ನಡೆದಿದೆ. ಆ ಅವಧಿಯ ಕಾನೂನುಗಳನ್ನು ಒಟ್ಟಾಗಿ ನೋಡಿದರೆ, ಆಳುವವರು ಬದಲಾದರೂ ಒಂದು ಏರ್ಪಾಟು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದುಕೊಂಡು ಬಂದುದು ತಿಳಿಯುತ್ತದೆ: ಮರ ಹತ್ತುವ ಹಕ್ಕು ಒಬ್ಬನದು, ಇಳಿಸಿದ ರಸವನ್ನು ಮಾರುವ ಹಕ್ಕು ಇನ್ನೊಬ್ಬನದು.

ಈ ಏರ್ಪಾಟಿನ ಬಲವನ್ನು ಅರಿಯಲು ಕಸುಬಿನ ಸ್ವರೂಪವನ್ನು ತಿಳಿಯಬೇಕು. ತೆಂಗಿನ ಹೊಂಬಾಳೆ ಅರಳುವ ಮೊದಲೇ ಅದನ್ನು ಹಗ್ಗದಿಂದ ಬಿಗಿದು ಕಟ್ಟಿ, ಕೆಲವು ದಿನ ಹದವಾಗಿ ತಟ್ಟಿ, ತುದಿಯನ್ನು ಹರಿತವಾದ ಕತ್ತಿಯಿಂದ ತೆಳ್ಳಗೆ ಕೊಯ್ದು ಮಡಕೆ ಕಟ್ಟಿದರೆ ರಸ ಹನಿಹನಿಯಾಗಿ ಇಳಿಯತೊಡಗುತ್ತದೆ. ಕೊಯ್ದ ಬಾಯಿ ಒಣಗದಂತೆ ದಿನಕ್ಕೆ ಎರಡು ಮೂರು ಬಾರಿ ಮರ ಹತ್ತಿ ಮತ್ತೆ ಕೆತ್ತಬೇಕು; ಒಂದು ದಿನ ತಪ್ಪಿದರೂ ಹರಿವು ನಿಲ್ಲಬಹುದು. ಮರದಿಂದ ಇಳಿದಾಗ ಸಿಹಿಯಾಗಿರುವ ರಸ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಸೂಕ್ಷ್ಮಜೀವಿಗಳಿಂದ ಕೆಲವೇ ತಾಸುಗಳಲ್ಲಿ ಹುದುಗಿ ಕಳ್ಳಾಗುತ್ತದೆ, ಮರುದಿನದ ಹೊತ್ತಿಗೆ ಹುಳಿಯಾಗುತ್ತದೆ. ಹುದುಗುವಿಕೆಯನ್ನು ತಡೆಯಲು ಮಡಕೆಯ ಒಳಮೈಗೆ ಸುಣ್ಣ ಸವರುವುದು ಹಳೆಯ ಉಪಾಯ. ಹಾಗೆ ಇಳಿಸಿದ ರಸವನ್ನು ಕಾಯಿಸಿ ಬೆಲ್ಲ ಮಾಡುತ್ತಿದ್ದರು. ಭತ್ತವನ್ನೋ ಮೆಣಸನ್ನೋ ಬೆಳೆದವನು ಬೆಲೆ ಬರುವವರೆಗೆ ಕಾಯಬಲ್ಲ. ಮೂರ್ತೆದಾರನಿಗೆ ಕಾಯುವ ಅವಕಾಶವೇ ಇಲ್ಲದುದರಿಂದ, ಅಂದಿನ ಸರಕನ್ನು ಅಂದೇ ಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆಯೋ ಬೆಲೆ ಕಟ್ಟುವ ಅಧಿಕಾರವೂ ಅವರ ಕೈಗೇ ಹೋಗುತ್ತದೆ. ಮಾರಾಟದ ಪರವಾನಗಿಯು ಈ ಕಸುಬಿನ ಮೇಲೆ ಬೇರೆ ಕಸುಬುಗಳಿಗಿಂತ ಗಟ್ಟಿಯಾದ ಹಿಡಿತ ಸಾಧಿಸಿದ್ದಕ್ಕೆ ಇದೇ ಕಾರಣ.

ಕಳ್ಳಿನ ಬಳಕೆ ಕುಡಿತಕ್ಕಷ್ಟೇ ಸೀಮಿತವಾಗಿರಲಿಲ್ಲ. ಅಕ್ಕಿ ಹಿಟ್ಟನ್ನು ಕಳ್ಳಿನಿಂದ ಹುದುಗಿಸಿ ಹಬೆಯಲ್ಲಿ ಬೇಯಿಸುವ ಸನ್ನಾಂ ಎಂಬ ತಿನಿಸು ಈ ಭಾಗದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬದೂಟದ ಅಂಗವಾಗಿತ್ತು; ಅವರ ಅಡುಗೆಗೆ ಬೇಕಾದ ವಿನೆಗರ್ ಕೂಡ ಹುಳಿಯಾದ ಕಳ್ಳಿನಿಂದಲೇ ಬರುತ್ತಿತ್ತು. ಕೆಲವು ದೈವಗಳ ಸೇವೆಯಲ್ಲಿ ಕಳ್ಳನ್ನು ಬಡಿಸುವ ಕ್ರಮವಿತ್ತು. ತಾಳೆ ಬೆಲ್ಲ ಮನೆಮದ್ದಿಗೂ ಬಾಣಂತಿಯರ ಆಹಾರಕ್ಕೂ ಒದಗುತ್ತಿತ್ತು. ಹೀಗೆ ಒಂದೇ ಮಡಕೆಯ ರಸ ಪಾನೀಯವೂ ಹಿಟ್ಟಿನ ಹುದುಗೂ ಬೆಲ್ಲವೂ ಪೂಜಾದ್ರವ್ಯವೂ ಆಗಿ ಊರೊಳಗೆ ಹಂಚಿಹೋಗುತ್ತಿತ್ತು. ಕಾನೂನು ಮಾತ್ರ ಅದನ್ನು ಮೊದಲಿನಿಂದಲೂ ಮದ್ಯವೆಂಬ ಒಂದೇ ಶೀರ್ಷಿಕೆಯಡಿ ತಂದಿತು.

ಮೂರ್ತೆಯನ್ನು ಪ್ರಧಾನವಾಗಿ ನಡೆಸಿದವರು ಬೈದ್ಯರೆಂದೂ ಕರೆಸಿಕೊಳ್ಳುವ ಬಿಲ್ಲವರು. ಕೋಟಿ ಚೆನ್ನಯರನ್ನು ಆರಾಧಿಸುವ ಗರಡಿಗಳ ಮೂಲಕ ವೀರಪರಂಪರೆಯನ್ನು ಉಳಿಸಿಕೊಂಡ ಈ ಸಮುದಾಯದಲ್ಲಿ ಬೇಸಾಯ, ನಾಟಿ ವೈದ್ಯ, ಮೂರ್ತೆಗಳು ಒಟ್ಟೊಟ್ಟಿಗೆ ಸಾಗಿದ್ದವು. ಭೂಮಿಯ ಹಕ್ಕು ಮಾತ್ರ ಹೆಚ್ಚಾಗಿ ಅವರದಾಗಿರಲಿಲ್ಲ. ಈ ಕರಾವಳಿಯನ್ನೊಳಗೊಂಡ ಕೆನರಾದಲ್ಲಿ ಜಮೀನು ವರ್ಗದಾರನೆಂಬ ಭೂಮಾಲಕನ ಹೆಸರಿನಲ್ಲಿರುತ್ತಿತ್ತು. ಅವನ ಕೈಕೆಳಗೆ ಶಾಶ್ವತ ಗೇಣಿಯಾದ ಮೂಲಗೇಣಿ ಮತ್ತು ಧಣಿಯ ಇಚ್ಛೆಯಂತೆ ನಡೆಯುವ ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನಗಳಿದ್ದವು. ಮೂರ್ತೆದಾರನು ಬಹುಪಾಲು ಚಾಲಗೇಣಿ ಒಕ್ಕಲೋ ಕೂಲಿಯೋ ಆಗಿದ್ದು, ಮರಗಳನ್ನು ಧಣಿಯಿಂದ ಪಡೆದು ಅದಕ್ಕೆ ಗೇಣಿ ಸಲ್ಲಿಸಬೇಕಾಗಿತ್ತು. ಪರವಾನಗಿ ಬರುವ ಮುನ್ನವೂ ಅವನು ಸ್ವತಂತ್ರನಾಗಿದ್ದನೆಂದು ಹೇಳಲಾಗದು. ಆದರೆ ಧಣಿಗೆ ಗೇಣಿ ಸಂದ ಬಳಿಕ ಉಳಿದ ಕಳ್ಳನ್ನು ಮರದ ಬುಡದಲ್ಲೋ ಮನೆಯಂಗಳದಲ್ಲೋ ನೆರೆಯವರಿಗೆ ಮಾರುವುದಕ್ಕೆ ದೊಡ್ಡ ಅಡ್ಡಿ ಇರಲಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರನಾದನು. ಮದ್ಯದ ಮೇಲೆ ಸುಂಕ ಹೇರುವುದು ಕಂಪನಿಯವರು ಹೊಸದಾಗಿ ಕಂಡುಕೊಂಡ ವಿದ್ಯೆಯಲ್ಲ. ಅದನ್ನು ಶಾಶ್ವತವಾದ ಗುತ್ತಿಗೆ ಪದ್ಧತಿಯಾಗಿ ರೂಪಿಸಿ ಬರೆಹದ ಕಾನೂನಿಗೆ ಒಳಪಡಿಸಿದ್ದು ಮಾತ್ರ ಅವರೇ. ಮದ್ಯದ ತಯಾರಿಕೆ ಮತ್ತು ಮಾರಾಟದಿಂದ ಬರುವ ರಾಜಸ್ವಕ್ಕೆ ಅಬಕಾರಿ ಎಂಬ ಹೆಸರಿತ್ತು. ಮದರಾಸು ಪ್ರಾಂತದಲ್ಲಿ 1808ರ ಒಂದನೆಯ ರೆಗ್ಯುಲೇಶನ್ ಇದಕ್ಕೆ ಚೌಕಟ್ಟನ್ನು ಒದಗಿಸಿತು. ಒಂದು ಪ್ರದೇಶದಲ್ಲಿ ಮದ್ಯ ಮಾರುವ ಏಕಸ್ವಾಮ್ಯವನ್ನು ನಿಗದಿತ ಮೊತ್ತಕ್ಕೆ ಗುತ್ತಿಗೆದಾರನಿಗೆ ವಹಿಸುವುದು, ಅವನು ಕಿಸ್ತುಗಳಲ್ಲಿ ಹಣ ಕಟ್ಟುವುದು, ಕಟ್ಟಿದ್ದಕ್ಕಿಂತ ಹೆಚ್ಚಾಗಿ ದುಡಿದದ್ದೆಲ್ಲ ಅವನ ಲಾಭವಾಗುವುದು ಈ ಪದ್ಧತಿಯ ಸಾರ. ಗುತ್ತಿಗೆದಾರನ ಅಪ್ಪಣೆಯಿಲ್ಲದೆ ಮಾರಿದ ಮೂರ್ತೆದಾರ ಇನ್ನು ಮುಂದೆ ನೆರೆಯವನಿಗೆ ಕಳ್ಳು ಕೊಟ್ಟವನಾಗಿ ಉಳಿಯಲಿಲ್ಲ, ಸರ್ಕಾರದ ಆದಾಯವನ್ನು ಕದ್ದವನಾದನು.

1862ರಲ್ಲಿ ಕೆನರಾದ ಉತ್ತರ ಭಾಗವಾದ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದರೂ ಉಡುಪಿ, ಕಾರ್ಕಳಗಳನ್ನೊಳಗೊಂಡ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1864ರ ಮದರಾಸು ಅಬಕಾರಿ ಕಾಯ್ದೆಯ ಬಳಿಕ ಬಂದ 1886ರ ಒಂದನೆಯ ಕಾಯ್ದೆಯು ಮುಂದಿನ ಅರ್ಧ ಶತಮಾನದ ಆಡಳಿತವನ್ನು ನಿರ್ಧರಿಸಿತು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ತೆಂಗು, ತಾಳೆ, ಈಚಲು ಅಥವಾ ಅದೇ ಕುಲದ ಬೇರಾವುದೇ ಮರದಿಂದ ಇಳಿಸಿದ ರಸವು ಹುದುಗಿರಲಿ, ಹುದುಗದಿರಲಿ, ಕಳ್ಳೇ ಆಗಿತ್ತು. ಈ ವ್ಯಾಖ್ಯೆಗೆ ಆಡಳಿತದ ದೃಷ್ಟಿಯಿಂದ ಸಮರ್ಥನೆ ಇದ್ದೇ ಇತ್ತು. ಬೆಳಿಗ್ಗೆಯ ಸಿಹಿ ರಸ ಸಂಜೆಗೆ ತಾನಾಗಿಯೇ ಮತ್ತೇರಿಸುವ ಪೇಯವಾಗುವುದರಿಂದ ಇವೆರಡರ ನಡುವೆ ಗೆರೆ ಎಳೆಯುವುದು ಅಧಿಕಾರಿಗೆ ಕಷ್ಟವಾಗಿತ್ತು. ಪರಿಣಾಮವಾಗಿ ಬೆಲ್ಲ ಕಾಯಿಸುವ ಬಡ ಕುಟುಂಬವೂ ಕಳ್ಳಿನ ಅಂಗಡಿಯವನೂ ಒಂದೇ ಕಾಯ್ದೆಯ ಕೆಳಗೆ ಬಂದರು. ಬೆಲ್ಲಕ್ಕಾಗಿ ಸಿಹಿ ರಸ ಇಳಿಸುವವರಿಗೆ ವಿನಾಯಿತಿ ನೀಡುವಾಗ ಮಡಕೆಯ ಒಳಗೆ ಸುಣ್ಣ ಸವರಿರಬೇಕೆಂಬ ಷರತ್ತು ವಿಧಿಸಲಾಗುತ್ತಿತ್ತು. ಕಸುಬುದಾರರು ತಮ್ಮ ಅನುಕೂಲಕ್ಕೆ ರೂಢಿಸಿಕೊಂಡಿದ್ದ ಸುಣ್ಣ ಹೀಗೆ ಕಾನೂನಿನ ಸಾಕ್ಷ್ಯವಾಯಿತು. ಸುಣ್ಣ ತೊಳೆದುಹೋದ ಮಡಕೆ ಅಪರಾಧದ ಕುರುಹಾಯಿತು.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಸರ್ಕಾರ ಮರದ ತೆರಿಗೆ ಪದ್ಧತಿಯನ್ನು ಜಾರಿಗೆ ತಂದಿತು. ಇದರಂತೆ ಮೂರ್ತೆ ಮಾಡುವ ಪ್ರತಿಯೊಂದು ಮರಕ್ಕೂ ಪ್ರತ್ಯೇಕ ತೆರಿಗೆ ಕಟ್ಟಬೇಕು, ಅಬಕಾರಿ ನೌಕರರು ಆ ಮರಕ್ಕೆ ಗುರುತು ಹಾಕಬೇಕು, ಗುರುತಿಲ್ಲದ ಮರದಿಂದ ರಸ ಇಳಿಸುವುದು ಶಿಕ್ಷಾರ್ಹ. ಇದರ ಜೊತೆಗೆ ಕರಾವಳಿಯ ಮಾತಿನಲ್ಲಿ ಗಡಂಗು ಎನಿಸಿದ ಮಾರಾಟದ ಅಂಗಡಿಯನ್ನು ಬೇರೆಯಾಗಿ ಹರಾಜು ಹಾಕಲಾಗುತ್ತಿತ್ತು. ಹರಾಜಿನಲ್ಲಿ ಕೂಗಲು ಮುಂಗಡ ಹಣ, ಜಾಮೀನು, ಕಚೇರಿಯ ವ್ಯವಹಾರ ಬಲ್ಲ ಜನ ಬೇಕು. ದಿನಕ್ಕೆ ಹತ್ತಾರು ಬಾರಿ ಮರ ಹತ್ತಿ ಇಳಿಯುವವನ ಬಳಿ ಇವು ಯಾವುವೂ ಇರುತ್ತಿರಲಿಲ್ಲ. ಹೀಗಾಗಿ ಗಡಂಗನ್ನು ಹಿಡಿದ ಗುತ್ತಿಗೆದಾರನೇ ಬಹುಮಟ್ಟಿಗೆ ಮರಗಳ ಪರವಾನಗಿಯನ್ನೂ ಪಡೆದು, ತೆರಿಗೆ ಕಟ್ಟಿ, ಮೂರ್ತೆದಾರರಿಗೆ ಮುಂಗಡ ಕೊಟ್ಟು ಕೆಲಸಕ್ಕೆ ಇರಿಸಿಕೊಳ್ಳುವ ವಾಡಿಕೆ ಬೆಳೆಯಿತು. ಕುದ್ರುವಿನ ಮರದಿಂದ ಇಳಿದ ಕಳ್ಳು ದೋಣಿಯೇರಿ ದಡದ ಗಡಂಗಿಗೆ ಹೋಗಿ, ಅಲ್ಲಿಂದ ಅದೇ ಕುದ್ರುವಿನ ಮನೆಯವರಿಗೆ ಸನ್ನಾಂ ಹಿಟ್ಟಿಗಾಗಿ ಮಾರಾಟವಾಗಿ ಮರಳುವುದೇ ಕಾಯ್ದೆಯು ಒಪ್ಪುವ ದಾರಿಯಾಗಿತ್ತು. ಮರದ ಬುಡದಲ್ಲೇ ನಡೆಯಬಹುದಾದ ವ್ಯವಹಾರದ ನಡುವೆ ಧಣಿಯ ಗೇಣಿ, ಸರ್ಕಾರದ ತೆರಿಗೆ, ಗುತ್ತಿಗೆದಾರನ ಲಾಭ ಎಂಬ ಮೂರು ಪಾಲುಗಳು ನಿಂತಿದ್ದವು.

ಇದೇ ಕರಾವಳಿಯ ಇನ್ನೊಂದು ಸಣ್ಣ ಉತ್ಪನ್ನದ ಕಥೆಯನ್ನು ಇದರೊಡನೆ ಇಟ್ಟು ನೋಡಬೇಕು. ಮದರಾಸು ಪ್ರಾಂತದಲ್ಲಿ ಉಪ್ಪಿನ ಏಕಸ್ವಾಮ್ಯ 19ನೆಯ ಶತಮಾನದ ಮೊದಲ ದಶಕದಲ್ಲೇ ಸ್ಥಾಪನೆಯಾಗಿ, ಹಿನ್ನೀರಿನ ಅಂಚಿನಲ್ಲಿ ಉಪ್ಪು ಮಣ್ಣನ್ನು ಸೋಸಿ ಮನೆಬಳಕೆಗೆ ಉಪ್ಪು ಮಾಡುವುದು ಕೂಡ ಅಪರಾಧವಾಯಿತು. ಉಪ್ಪು ಮತ್ತು ಮದ್ಯ ಎರಡನ್ನೂ ಕಾಯಲು ಆ ಪ್ರಾಂತದಲ್ಲಿ ಒಂದೇ ಇಲಾಖೆ ಇತ್ತು. ಸಾಲ್ಟ್ ಅಂಡ್ ಅಬಕಾರಿ ಎಂಬ ಅದರ ಹೆಸರೇ ಎರಡೂ ಹೊಣೆಗಳನ್ನು ಹೇಳುತ್ತಿತ್ತು. ಉಪ್ಪು ದುಬಾರಿಯಾದ್ದರಿಂದ ಬಂಗುಡೆ, ಬೂತಾಯಿ ಮೀನುಗಳನ್ನು ಒಣಗಿಸಿ ಮಾರುವವರಿಗೆ ಕಷ್ಟವಾಯಿತು. ಅದಕ್ಕೆ ಪರಿಹಾರವಾಗಿ ಸರ್ಕಾರ ಪಶ್ಚಿಮ ಕರಾವಳಿಯುದ್ದಕ್ಕೂ ಬೇಲಿ ಹಾಕಿದ ಯಾರ್ಡುಗಳನ್ನು ತೆರೆದು, ಅವುಗಳ ಒಳಗೆ ಮೀನಿಗೆ ಹಾಕಲು ಮಾತ್ರ ಅಗ್ಗದ ದರದಲ್ಲಿ ಉಪ್ಪು ಒದಗಿಸಿತು. ಯಾರ್ಡಿನೊಳಗಿನ ಉಪ್ಪನ್ನು ಹೊರಗೆ ಒಯ್ಯುವಂತಿರಲಿಲ್ಲ. ಮೀನು ಹಿಡಿದವನಿಗೆ ಯಾರ್ಡು, ರಸ ಇಳಿಸಿದವನಿಗೆ ಗಡಂಗು ಎಂಬಂತೆ, ಬೇಗ ಕೆಡುವ ಸರಕನ್ನು ಸರ್ಕಾರ ಕಾಣಬಲ್ಲ ಒಂದೇ ಜಾಗದಲ್ಲಿ ಸೇರಿಸುವುದು ಆ ಆಡಳಿತದ ರೀತಿಯಾಗಿತ್ತು.

ಕಸುಬಿನಿಂದ ಜನ ಹೊರನಡೆಯಲು ಕಾನೂನೊಂದೇ ಕಾರಣವಾಗಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ತನ್ನ ಮತ ಸೇರಿದವರು ಕಳ್ಳಿನ ಕಸುಬಿನಲ್ಲಿ ಮುಂದುವರಿಯುವುದನ್ನು ಒಪ್ಪಲಿಲ್ಲ. ಸೇರಿದವರಲ್ಲಿ ಬಿಲ್ಲವರೇ ಹೆಚ್ಚಾಗಿದ್ದುದರಿಂದ ಅವರಿಗೆ ಬೇರೆ ದುಡಿಮೆ ಒದಗಿಸುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ನೇಯ್ಗೆಯ ಶಾಲೆಗಳೂ ಮಂಗಳೂರು, ಮಲ್ಪೆಗಳ ಹಂಚಿನ ಕಾರ್ಖಾನೆಗಳೂ ಆ ಅಗತ್ಯಕ್ಕೂ ಒದಗಿಬಂದವು. 1912ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಮದ್ಯವನ್ನು ತಯಾರಿಸುವುದನ್ನೂ ಮಾರುವುದನ್ನೂ ಕುಡಿಯುವುದನ್ನೂ ಬಿಡಬೇಕೆಂದು 1921ರಲ್ಲಿ ತಮ್ಮ ಅನುಯಾಯಿಗಳಿಗೆ ತಿಳಿಸಿದರು. ಹೀಗೆ ಮಿಶನರಿಗಳ ನೀತಿಬೋಧೆ, ಸಮುದಾಯದೊಳಗಿನ ಸುಧಾರಣೆ, ಸರ್ಕಾರದ ತೆರಿಗೆ ಮೂರೂ ಬೇರೆ ಬೇರೆ ಉದ್ದೇಶಗಳಿಂದ ಹೊರಟು ಒಂದೇ ಕಸುಬನ್ನು ಒತ್ತಿದವು. ಗುರುಗಳ ಮಾತು ಮೂರ್ತೆದಾರನ ಘನತೆಯನ್ನು ಕುರಿತ ಕಾಳಜಿಯಿಂದ ಹೊರಟಿತ್ತು. ಅಬಕಾರಿ ಇಲಾಖೆಗೆ ಅವನು ರಾಜಸ್ವದ ಮೂಲದಲ್ಲಿ ನಿಂತ ಆಳು ಮಾತ್ರವಾಗಿದ್ದನು.

ಸ್ವಾತಂತ್ರ್ಯ ಚಳವಳಿಯು ಉಪ್ಪು ಮತ್ತು ಕಳ್ಳನ್ನು ಎರಡು ವಿರುದ್ಧ ರೀತಿಯಲ್ಲಿ ಎತ್ತಿಕೊಂಡಿತು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಸತ್ಯಾಗ್ರಹಿಗಳು ಉಪ್ಪು ತಯಾರಿಸುವುದನ್ನು ಜನರ ಹಕ್ಕೆಂದು ಸಾರಿದರೆ, ಅದೇ ಚಳವಳಿಯ ಸ್ವಯಂಸೇವಕರು ಕಳ್ಳಿನ ಅಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿದರು. 1931ರ ಮಾರ್ಚ್ 5ರ ಗಾಂಧಿ-ಅರ್ವಿನ್ ಒಪ್ಪಂದದಲ್ಲಿ ಉಪ್ಪಿನ ಕುರಿತು ಸಣ್ಣ ಉತ್ಪಾದಕನ ದೃಷ್ಟಿಯಿಂದ ಗಮನಾರ್ಹವಾದ ಒಂದು ರಿಯಾಯಿತಿ ಇತ್ತು: ಉಪ್ಪು ದೊರೆಯುವ ಪ್ರದೇಶಕ್ಕೆ ತಾಗಿದ ಹಳ್ಳಿಗಳವರು ಮನೆಬಳಕೆಗೂ ತಮ್ಮ ಹಳ್ಳಿಯೊಳಗಿನ ಮಾರಾಟಕ್ಕೂ ಉಪ್ಪು ಮಾಡಿಕೊಳ್ಳಬಹುದು, ಹೊರಗಿನವರಿಗೆ ಮಾತ್ರ ಮಾರುವಂತಿಲ್ಲ. ಏಕಸ್ವಾಮ್ಯವನ್ನು ಪೂರ್ತಿ ಕಳಚದೆಯೂ ನೆರೆಹೊರೆಯ ವ್ಯಾಪಾರಕ್ಕೆ ಎಡೆಮಾಡಿಕೊಡಬಹುದೆಂದು ಈ ಕಲಮು ತೋರಿಸಿತು. ಫ್ರಾನ್ಸಿನಲ್ಲಿ ಹಣ್ಣು ಬೆಳೆಯುವ ರೈತರು ತಮ್ಮ ತೋಟದ ಹಣ್ಣಿನಿಂದ ಅಲ್ಪ ಪ್ರಮಾಣದ ಮದ್ಯವನ್ನು ಸುಂಕವಿಲ್ಲದೆ ಬಟ್ಟಿ ಇಳಿಸಿಕೊಳ್ಳುವ ಹಕ್ಕನ್ನು ಬಹುಕಾಲ ಉಳಿಸಿಕೊಂಡಿದ್ದುದು ಇದೇ ತತ್ತ್ವದ ಇನ್ನೊಂದು ನಿದರ್ಶನ. ಮೂರ್ತೆದಾರನಿಗೆ ಅಂಥ ಕಲಮು ದೊರೆಯಲಿಲ್ಲ. ಕುಡಿತದಿಂದ ಹಾಳಾಗುವ ಮನೆಗಳ ಸಂಕಟ ನಿಜವಾಗಿದ್ದುದರಿಂದ ಅವನ ಪರವಾಗಿ ವಾದಿಸುವುದು ರಾಷ್ಟ್ರೀಯವಾದಿಗಳಿಗೆ ಸುಲಭವೂ ಆಗಿರಲಿಲ್ಲ.

ಸಿ. ರಾಜಗೋಪಾಲಾಚಾರಿಯವರ ಸರ್ಕಾರ 1937ರಲ್ಲಿ ಮದರಾಸು ಪಾನನಿಷೇಧ ಕಾಯ್ದೆಯನ್ನು ತಂದು ಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೊಳಿಸಿತು. ಅಬಕಾರಿ ಆದಾಯದ ನಷ್ಟವನ್ನು ತುಂಬಿಕೊಳ್ಳಲು 1939ರಲ್ಲಿ ಅದೇ ಸರ್ಕಾರ ಸಾಮಾನ್ಯ ಮಾರಾಟ ತೆರಿಗೆಯನ್ನು ಹೇರಿದ್ದರಿಂದ, ಮರದ ಮೇಲಿದ್ದ ಹೊರೆ ಅಂಗಡಿಯ ಸರಕುಗಳ ಮೇಲಕ್ಕೆ ವರ್ಗವಾಯಿತೆನ್ನಬಹುದು. ಯುದ್ಧಕಾಲದಲ್ಲಿ ತಡೆಹಿಡಿಯಲಾದ ಪಾನನಿಷೇಧವನ್ನು ಮತ್ತೆ ಜಾರಿಗೆ ತಂದು 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತಕ್ಕೆ ವಿಸ್ತರಿಸಿದಾಗ ದಕ್ಷಿಣ ಕನ್ನಡದ ಗಡಂಗುಗಳೂ ಕಾನೂನಿನ ಪ್ರಕಾರ ಮುಚ್ಚಿದವು. ಕೆಲಸ ಕಳೆದುಕೊಂಡ ಮೂರ್ತೆದಾರರನ್ನು ಬೆಲ್ಲ ತಯಾರಿಸುವ ಸಹಕಾರಿ ಸಂಘಗಳಿಗೆ ಸೇರಿಸಿ ಸಿಹಿ ರಸಕ್ಕೆ ಪರವಾನಗಿ ಕೊಡುವ ಯೋಜನೆಯನ್ನು ಮದರಾಸು ಸರ್ಕಾರ ಹಮ್ಮಿಕೊಂಡಿತ್ತು. ಆದರೆ ಬೆಲ್ಲಕ್ಕೆ ಸೌದೆ ಬೇಕು, ಕಾಯಿಸಲು ಹೊತ್ತು ಬೇಕು, ಕಬ್ಬಿನ ಬೆಲ್ಲದ ಬೆಲೆಯೊಡನೆ ಪೈಪೋಟಿ ನಡೆಸಬೇಕು. ಹೀಗಾಗಿ ಹಲವರು ಕಸುಬನ್ನು ಬಿಟ್ಟರು, ಕೆಲವರು ಅದನ್ನು ಕದ್ದುಮುಚ್ಚಿ ಮುಂದುವರಿಸಿದರು. ಹಂಚಿನ ಕಾರ್ಖಾನೆ, ಬೀಡಿ, ಮುಂಬಯಿಯ ಹೋಟೆಲುಗಳು ಮುಂದಿನ ತಲೆಮಾರನ್ನು ತಮ್ಮ ಕಡೆಗೆ ಸೆಳೆದವು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳದ ಪಾಲಾಯಿತು; ಒಂದೇ ಕಸುಬಿನ ಜನ ಎರಡು ರಾಜ್ಯಗಳ ಅಬಕಾರಿ ಕಾನೂನುಗಳ ನಡುವೆ ಹಂಚಿಹೋದರು. 1960ರ ದಶಕದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಾಗ, ಇಂದು ಕರ್ನಾಟಕ ಅಬಕಾರಿ ಕಾಯ್ದೆ ಎನಿಸಿಕೊಂಡಿರುವ 1965ರ ಕಾಯ್ದೆಯ ಅಡಿಯಲ್ಲಿ ಹರಾಜು ಪದ್ಧತಿ ಹಿಂದಿರುಗಿತು. 1974ರ ಭೂಸುಧಾರಣಾ ತಿದ್ದುಪಡಿಯು ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದಾಗ ಅನೇಕ ಬಿಲ್ಲವ ಒಕ್ಕಲುಗಳಿಗೆ ಜಮೀನಿನೊಡನೆ ಮರಗಳೂ ದೊರೆತು, ಹಳೆಯ ಮೂರು ಪಾಲುಗಳಲ್ಲಿ ಧಣಿಯ ಪಾಲು ಅವರ ಮಟ್ಟಿಗೆ ಇಲ್ಲವಾಯಿತು. ಇಷ್ಟಾದರೂ ಸ್ವಂತ ಹಿತ್ತಲಿನ ಸ್ವಂತ ಮರದ ರಸವನ್ನು ಸ್ವತಃ ಮಾರುವ ಹಕ್ಕು ಭೂಮಿಯ ಹಕ್ಕಿನೊಡನೆ ಬರಲಿಲ್ಲ. ಮದ್ಯದ ವ್ಯಾಪಾರ ನಡೆಸುವುದು ನಾಗರಿಕನ ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ 1994ರಲ್ಲಿ ಸ್ಪಷ್ಟಪಡಿಸಿತು. ಭಾರಿ ಬಂಡವಾಳದ ಡಿಸ್ಟಿಲರಿಯ ಪ್ರಕರಣದಲ್ಲಿ ಸಾರಿದ ಈ ತತ್ತ್ವದ ಹೊರಗೆ ನಿಲ್ಲುವುದು ಹತ್ತು ಮರಗಳ ಮೂರ್ತೆದಾರನಿಗೂ ಸಾಧ್ಯವಿಲ್ಲ.

ಮರ ಹತ್ತುವವನಿಗೂ ಮಾರುವವನಿಗೂ ನಡುವಿನ ಅಂತರವನ್ನು ತಗ್ಗಿಸುವ ಗಂಭೀರ ಯತ್ನ ನಡೆದದ್ದು 1990ರ ದಶಕದ ಆರಂಭದಲ್ಲಿ, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ. ಆಗ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಮೂರ್ತೆದಾರರ ಸೇವಾ ಸಹಕಾರಿ ಸಂಘಗಳು ಹುಟ್ಟಿಕೊಂಡು, ಗುತ್ತಿಗೆದಾರನ ಸ್ಥಾನದಲ್ಲಿ ಕಸುಬುದಾರರ ಸಂಘವೇ ಕಳ್ಳನ್ನು ಮಾರುವಂತಾಯಿತು. ತತ್ತ್ವದ ದೃಷ್ಟಿಯಿಂದ ಇದು 1808ರಿಂದ ನಡೆದುಬಂದ ಕ್ರಮವನ್ನು ತಿರುವುಮುರುವು ಮಾಡುವ ಹೆಜ್ಜೆಯೇ ಆಗಿತ್ತು. ಆದರೆ ಆ ವೇಳೆಗೆ ಮರ ಹತ್ತುವವರ ಸಂಖ್ಯೆ ಇಳಿಯತೊಡಗಿತ್ತು. ಶಾಲೆ ಕಲಿತ ಮಕ್ಕಳು ಬೀಳುವ ಭಯವೂ ಸಾಮಾಜಿಕ ಕೀಳರಿಮೆಯೂ ಅಂಟಿದ್ದ ಈ ಕೆಲಸಕ್ಕೆ ಬರಲಿಲ್ಲ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಇಂದು ಈ ಹೆಸರಿನ ಎಷ್ಟೋ ಸಂಘಗಳು ಮುಖ್ಯವಾಗಿ ಠೇವಣಿ ಮತ್ತು ಸಾಲದ ವ್ಯವಹಾರ ನಡೆಸುತ್ತಿವೆ. ಸದಸ್ಯರಿಗೆ ಅದರಿಂದ ಆದ ಪ್ರಯೋಜನ ಸಣ್ಣದಲ್ಲವಾದರೂ, ಮಾರಾಟದ ಹಕ್ಕು ಕಸುಬುದಾರರ ಕೈಗೆ ಬಂದದ್ದು ಕಸುಬು ಕೈಬಿಡುತ್ತಿದ್ದ ಹೊತ್ತಿನಲ್ಲಿ ಎಂಬುದು ಈ ಚರಿತ್ರೆಯ ವಿಪರ್ಯಾಸ.

2004ರಲ್ಲಿ ಕರ್ನಾಟಕ ಸರ್ಕಾರ ಕಳ್ಳಿನ ಮಾರಾಟವನ್ನು ನಿಷೇಧಿಸಿದಾಗ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಗೆ ವಿನಾಯಿತಿ ನೀಡಿತು. ರಾಯಚೂರು, ಕಲಬುರಗಿಯ ಕಡೆ ಕಳ್ಳಿಗೆ ಸಿ.ಎಚ್. ಪೌಡರ್ ಎಂಬ ನಿದ್ರಾಜನಕವನ್ನು ಬೆರೆಸುತ್ತಿದ್ದ ಪಿಡುಗು ದೊಡ್ಡದಾಗಿತ್ತು. ಮರದಿಂದ ನೇರವಾಗಿ ಗಡಂಗಿಗೆ ಬರುವ ಕರಾವಳಿಯ ಕಳ್ಳಿನ ಪರಿಸ್ಥಿತಿ ಬೇರೆಯೇ ಆಗಿತ್ತು. ಹೀಗೆ ಕಲಬೆರಕೆಯ ಪ್ರಶ್ನೆಗೆ ಎರಡು ಜಿಲ್ಲೆಗಳ ಮಟ್ಟಿಗಾದರೂ ವಿವೇಚನೆಯ ಉತ್ತರ ದೊರೆಯಿತು. ಸಿಹಿ ರಸದ ಪ್ರಶ್ನೆ ಮಾತ್ರ ಉಳಿದೇ ಇತ್ತು. ನುಸಿ ರೋಗದಿಂದ ತೆಂಗು ಸೊರಗಿದ್ದ ಕಾಲದಲ್ಲಿ ನೀರಾ, ಅಂದರೆ ಹುದುಗದ ರಸ, ಇಳಿಸುವ ಹಕ್ಕಿಗಾಗಿ ಚನ್ನಪಟ್ಟಣದ ಸುತ್ತಲಿನ ರೈತರು ಹೋರಾಡಿದರು. ಕಳ್ಳಿನ ನಿಷೇಧಕ್ಕೂ ಮೊದಲೇ, 2001ರಲ್ಲಿ, ವಿಠಲೇನಹಳ್ಳಿಯಲ್ಲಿ ಆ ಹೋರಾಟ ಪೊಲೀಸರ ಗೋಲಿಬಾರಿನಲ್ಲಿ ಪರ್ಯವಸಾನಗೊಂಡು ರೈತರು ಪ್ರಾಣ ಕಳೆದುಕೊಂಡರು. ಹುದುಗಿರಲಿ, ಹುದುಗದಿರಲಿ ಎಂಬ 1886ರ ದೃಷ್ಟಿ ಸ್ವತಂತ್ರ ಭಾರತದಲ್ಲೂ ಎಷ್ಟು ಜೀವಂತವಾಗಿತ್ತೆಂಬುದಕ್ಕೆ ಇದು ಕಹಿಯಾದ ಸಾಕ್ಷಿ.

ಮುಂದೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಹೊಂಬಾಳೆಗೆ ಜೋಡಿಸಿ, ರಸ ಇಳಿಯುವಾಗಲೇ ತಂಪಾಗಿ ಹುದುಗದೆ ಉಳಿಯುವ ವಿಧಾನವನ್ನು ರೂಪಿಸಿ ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟಿತು. ಸುಣ್ಣ ಮಾಡುತ್ತಿದ್ದ ಕೆಲಸವನ್ನು ಮಂಜುಗಡ್ಡೆ ಇನ್ನೂ ಶುದ್ಧವಾಗಿ ಮಾಡಿತು, ಕಳ್ಳಿಗೂ ಸಿಹಿ ರಸಕ್ಕೂ ಗೆರೆ ಎಳೆಯಲಾಗದೆಂಬ ಹಳೆಯ ನೆಪವನ್ನೂ ಸಡಿಲಿಸಿತು. 2010ರ ದಶಕದಲ್ಲಿ ಕರ್ನಾಟಕ ಸರ್ಕಾರ ತೆಂಗು ಬೆಳೆಗಾರರ ಉತ್ಪಾದಕ ಕಂಪನಿಗಳಿಗೆ ನೀರಾ ಪರವಾನಗಿ ಕೊಡಲು ಒಪ್ಪಿದ ಮೇಲೆ, ಕುಂದಾಪುರ ತಾಲೂಕಿನ ಜಪ್ತಿಯಲ್ಲಿ ಉಡುಪಿ ಜಿಲ್ಲೆಯ ರೈತರು ಕಟ್ಟಿದ ಕಂಪನಿಯೂ ಕಲ್ಪರಸದ ತಯಾರಿಕೆಗೆ ಇಳಿಯಿತು. ಇಲ್ಲಿಯೂ ಮಾರಾಟದ ಬಾಗಿಲು ತೆರೆದದ್ದು ಸಂಘಟಿತ ಕಂಪನಿಗೆ. ತನ್ನ ಹಿತ್ತಲಿನ ಒಂದೆರಡು ಮರಗಳ ರಸವನ್ನು ಬೆಳಿಗ್ಗೆ ನೆರೆಮನೆಗೆ ಮಾರಬಯಸುವ ಒಬ್ಬಂಟಿ ಕುಟುಂಬವು ಈ ಏರ್ಪಾಟಿನಲ್ಲಿ ಕಂಪನಿಯ ಸದಸ್ಯತ್ವದ ಮೂಲಕವೇ ಬರಬೇಕು.

ಈ ಎರಡು ಶತಮಾನಗಳ ಕಾನೂನುಗಳೆಲ್ಲ ಒಂದೇ ಉದ್ದೇಶದಿಂದ ಬಂದವೆನ್ನುವಂತಿಲ್ಲ. ಕಂಪನಿಗೆ ರಾಜಸ್ವ ಬೇಕಾಗಿತ್ತು, ರಾಜಗೋಪಾಲಾಚಾರಿಯವರಿಗೆ ಪಾನಮುಕ್ತ ಸಮಾಜ ಬೇಕಾಗಿತ್ತು, ಸಹಕಾರಿ ಸಂಘಗಳನ್ನು ಕಟ್ಟಿದವರಿಗೆ ಕಸುಬುದಾರನ ಏಳಿಗೆ ಬೇಕಾಗಿತ್ತು. ಕಳ್ಳಿನಂಥ ಸರಕಿಗೆ ನಿಯಂತ್ರಣವೇ ಬೇಡವೆನ್ನುವುದು ಕಲಬೆರಕೆಯ ದುರಂತಗಳನ್ನು ಕಂಡ ನಾಡಿನಲ್ಲಿ ಸಲ್ಲದು. ಆದರೆ ಈ ಕಾನೂನುಗಳಲ್ಲಿ ಹೆಚ್ಚಿನವು ಸರ್ಕಾರಕ್ಕೆ ಎಣಿಸಲು, ಕಾಯಲು, ವಸೂಲು ಮಾಡಲು ಸುಲಭವಾಗುವ ದೊಡ್ಡ ಘಟಕವನ್ನೇ ಆರಿಸಿಕೊಂಡವು: ಮೊದಲು ಗುತ್ತಿಗೆದಾರ, ಬಳಿಕ ಗಡಂಗು, ಆಮೇಲೆ ಸಂಘ, ಈಗ ಕಂಪನಿ. ಉಪ್ಪಿನ ವಿಷಯದಲ್ಲಿ 1931ರಲ್ಲಿ ಒಪ್ಪಿಕೊಂಡಂತೆ, ಹಳ್ಳಿಯೊಳಗಿನ ಸಣ್ಣ ಮಾರಾಟವನ್ನು ಬೇರೆಯಾಗಿ ಕಂಡು ಅದಕ್ಕೆ ಹಗುರವಾದ ನಿಯಮ ಮಾಡುವ ದಾರಿ ಮೂರ್ತೆಯ ಮಟ್ಟಿಗೆ ಪ್ರಯೋಗಕ್ಕೇ ಬರಲಿಲ್ಲ. ಸ್ವರ್ಣೆಯ ದಡದಲ್ಲಿ ಮೂರ್ತೆ ಬಲ್ಲವರು ಅಷ್ಟಿಷ್ಟು ಉಳಿದಿರುವಾಗಲೇ ಅಂಥ ನಿಯಮ ಬಂದರೆ ಅದರಿಂದ ಕಸುಬಿಗೆ ಉಪಯೋಗವಾದೀತು. ಆ ವಿದ್ಯೆ ಬಲ್ಲ ಕೈಗಳೇ ಇಲ್ಲವಾದ ಮೇಲೆ ಕೊಡುವ ಹಕ್ಕಿನಿಂದ ಯಾರಿಗೂ ಲಾಭವಿಲ್ಲ.